ಎಂಟು ರಾತ್ರಿ, ಎಂಟು ಹೋಟೆಲ್, ಒಂದು ಮಂಡಿನೋವು

ಪ್ರಶ್ನೆ: ನಾವು ದಾವಣಗೆರೆಯವರು. ಈ ಬೇಸಿಗೆ ರಜೆಯಲ್ಲಿ, ಮೇ ಮೂರನೇ ವಾರ, ಶ್ರೀಲಂಕಾಕ್ಕೆ ಹೋಗೋಣ ಅಂತಿದ್ದೇವೆ. ನಮಗಿದು ಮೊದಲ ವಿದೇಶ ಪ್ರವಾಸ. ನಾನು, ನಮ್ಮ ಯಜಮಾನ್ರು, 11 ವರ್ಷದ ಮಗ, 5 ವರ್ಷದ ಮಗಳು, 68 ವರ್ಷದ ಅತ್ತೆ. ಅತ್ತೆಗೆ ಸಕ್ಕರೆ ಕಾಯಿಲೆ, ರಾತ್ರಿ ಇನ್ಸುಲಿನ್ ತಗೋತಾರೆ. ಮಂಡಿನೋವೂ ಇದೆ. ಎಲ್ಲರೂ ಸಸ್ಯಾಹಾರಿಗಳು. ಏಜೆಂಟರು ಕೊಟ್ಟ ಪ್ಲಾನ್ ಹೀಗಿದೆ: ನೆಗೊಂಬೊ, ಸಿಗಿರಿಯ, ಕ್ಯಾಂಡಿ, ನುವಾರ ಎಲಿಯ, 'ಎಲ್ಲ', ಯಾಲ, ಮಿರಿಸ್ಸ, ಕೊಲಂಬೊ. ಎಂಟು ರಾತ್ರಿ, ಒಂದೊಂದು ಊರಲ್ಲಿ ಒಂದೊಂದು. ನನಗೆ ಭಯ ಆಗ್ತಿದೆ. ಯಜಮಾನ್ರು "ಅದು ನಮ್ಮ ಕರ್ನಾಟಕದ ಮೂರನೇ ಒಂದು ಭಾಗ ಇಲ್ಲ, ಏನು ಮಹಾ ಸುತ್ತಾಟ" ಅಂತಾರೆ. ಮಗನಿಗೆ ರೈಲು, ಆನೆ, ಸಮುದ್ರ ಎಲ್ಲ ಬೇಕು. ಅತ್ತೆ ಕೇಳಿದ್ದು ಒಂದೇ, ಸೀತಮ್ಮ ಇದ್ದ ಅಶೋಕವನ. ನೆಂಟರು ಮಲೇರಿಯಾ ಮಾತ್ರೆ ತಗೊಳ್ಳಿ, ಅಲ್ಲಿ ಪೆಟ್ರೋಲೂ ಸಿಗಲ್ಲ, ಊಟವೂ ಸಿಗಲ್ಲ ಅಂತ ಹೆದರಿಸ್ತಿದ್ದಾರೆ. ಅತ್ತೆಯನ್ನು ಬಿಟ್ಟು ಹೋಗೋದೇ ಒಳ್ಳೆಯದಾ? ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ.

ಉತ್ತರ: ಕೊನೆಯ ಸಾಲು ಓದಿ ನನಗೆ ಸಮಾಧಾನವಾಯಿತು. ಅಡ್ವಾನ್ಸ್ ಕೊಡುವ ಮುಂಚೆ ಕೇಳಿದ್ದೀರಿ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಎಲ್ಲ ಬುಕ್ ಆದ ಮೇಲೆ "ಸ್ವಲ್ಪ ನೋಡಿ ಹೇಳಿ" ಅನ್ನುತ್ತಾರೆ. ಆಗ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ.

ನೀವು ಕೇಳಿರುವುದು ಅತ್ತೆಯ ಬಗ್ಗೆ. ನನಗೆ ಕಾಣುವ ತೊಂದರೆ ಅತ್ತೆಯದ್ದಲ್ಲ, ಪ್ಲಾನಿನದ್ದು. ಈ ಪ್ಲಾನಿನಲ್ಲಿ ಹೋದರೆ ನಾಲ್ಕನೇ ದಿನ ಅತ್ತೆಯಷ್ಟೇ ಅಲ್ಲ, ನಿಮ್ಮ ಮಗಳೂ ಕೂತಲ್ಲೇ ಕೂರುತ್ತಾಳೆ. ಯಜಮಾನ್ರೂ ಸುಸ್ತಾಗುತ್ತಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೇ.

ಯಜಮಾನ್ರ ಲೆಕ್ಕ ತಪ್ಪೇನಲ್ಲ. ಶ್ರೀಲಂಕಾ 65,610 ಚದರ ಕಿಲೋಮೀಟರ್, ಕರ್ನಾಟಕ 1,91,791. ಸರಿಸುಮಾರು ಮೂರನೇ ಒಂದು ಭಾಗವೇ. ಆದರೆ ಅಲ್ಲಿ ಚದರ ಕಿಲೋಮೀಟರ್ ನೋಡಿ ಪ್ರಯೋಜನವಿಲ್ಲ, ಗಂಟೆ ನೋಡಬೇಕು. ದಾವಣಗೆರೆಯಿಂದ ಬೆಂಗಳೂರಿಗೆ 260 ಕಿಲೋಮೀಟರ್ ನೀವು ನಾಲ್ಕೂವರೆ ಗಂಟೆಯಲ್ಲಿ ಬರುತ್ತೀರಿ. ಕ್ಯಾಂಡಿಯಿಂದ ನುವಾರ ಎಲಿಯಕ್ಕೆ 80 ಕಿಲೋಮೀಟರೂ ಇಲ್ಲ, ಮೂರು ಗಂಟೆ ಹಿಡಿಯುತ್ತದೆ. ಕೊಲಂಬೊದಿಂದ ದಕ್ಷಿಣಕ್ಕೆ ಹೋಗುವಂಥ ಎಕ್ಸ್‌ಪ್ರೆಸ್‌ವೇ ಬಿಟ್ಟರೆ ಅಲ್ಲಿನ ರಸ್ತೆಗಳಲ್ಲಿ ಗಂಟೆಗೆ 35 ಕಿಲೋಮೀಟರ್ ಎಂದು ಹಿಡಿದುಕೊಳ್ಳಿ. ರಸ್ತೆ ಕೆಟ್ಟದ್ದೇನಲ್ಲ. ಆದರೆ ಎರಡೇ ಸಾಲು, ಉದ್ದಕ್ಕೂ ಊರು, ಶಾಲೆ ಬಿಟ್ಟ ಮಕ್ಕಳು, ಬಸ್ಸು, ಆಟೋ. ಬೆಟ್ಟ ಶುರುವಾದರೆ ಚಾರ್ಮಾಡಿ ಘಾಟಿಯಂಥ ತಿರುವುಗಳು, ಗಂಟೆಗಟ್ಟಲೆ.

ಇದಕ್ಕಿಂತ ದೊಡ್ಡ ಕಳ್ಳ ಇನ್ನೊಬ್ಬ ಇದ್ದಾನೆ. ಹೋಟೆಲ್ ಬದಲಾಯಿಸುವ ಬೆಳಗ್ಗೆ ಹೇಗಿರುತ್ತದೆ ಎಂದು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಆರಕ್ಕೆ ಎದ್ದು ಐದು ಜನರ ಸ್ನಾನ. ನಿನ್ನೆ ಒಗೆದ ಒಳಬಟ್ಟೆ ಇನ್ನೂ ಹಸಿ. ಮಗಳ ಒಂದು ಸಾಕ್ಸ್ ಸಿಗುವುದಿಲ್ಲ. ಚಾರ್ಜರ್ ಗೋಡೆಯಲ್ಲೇ ಉಳಿದಿದೆ. ಅತ್ತೆಯ ಮಾತ್ರೆ ಡಬ್ಬಿ ಯಾವ ಬ್ಯಾಗಿಗೆ ಹೋಯಿತೋ ಗೊತ್ತಿಲ್ಲ. ತಿಂಡಿ ತಿಂದು, ಬಿಲ್ ಮುಗಿಸಿ ವ್ಯಾನ್ ಹತ್ತುವ ಹೊತ್ತಿಗೆ ಹತ್ತು ಗಂಟೆ. ಮುಂದಿನ ಊರು ಮುಟ್ಟಿದಾಗ ರೂಮ್ ರೆಡಿ ಇರುವುದಿಲ್ಲ, ಚೆಕ್-ಇನ್ ಎರಡಕ್ಕೆ. ಊರು ಬದಲಾಯಿಸಿದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ನಿಮ್ಮ ಪ್ಲಾನಿನಲ್ಲಿ ಏಳು ಸಲ ಬದಲಾವಣೆ. ಮೂರೂವರೆ ದಿನ ಬರೀ ಗಂಟುಮೂಟೆ ಕಟ್ಟುವುದರಲ್ಲೇ ಹೋಗುತ್ತದೆ.

ನಾನೇ ಮಾಡಿದ ತಪ್ಪು ಇದು. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಇದೇ ದ್ವೀಪ ಸುತ್ತಿದ್ದೆ, ಏಳು ರಾತ್ರಿಗೆ ಏಳು ಹೋಟೆಲ್. ಐದನೇ ದಿನ ಅಪ್ಪ ಹೋಟೆಲ್ ಮೆಟ್ಟಿಲ ಮೇಲೆ ಕೂತು, "ನೀವು ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದರು. ಅವರಿಗೆ ಬೇಜಾರಾಗಿರಲಿಲ್ಲ, ಸಾಕಾಗಿತ್ತು. ಇವತ್ತಿಗೂ ಮನೆಯಲ್ಲಿ ಶ್ರೀಲಂಕಾ ಮಾತು ಬಂದರೆ ಅಪ್ಪ ಹೇಳುವುದು ಆ ಮೆಟ್ಟಿಲ ಮೇಲೆ ಕೂತು ಕುಡಿದ ಚಹಾದ ಬಗ್ಗೆ.

ಈಗ ನೆಂಟರ ಮಾತುಗಳಿಗೆ ಬರೋಣ.

ಮಲೇರಿಯಾ ಮಾತ್ರೆ ಬೇಡ. ಶ್ರೀಲಂಕಾ ಮಲೇರಿಯಾಮುಕ್ತ ದೇಶ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಘೋಷಿಸಿದೆ. ಆ ವಿಷಯದಲ್ಲಿ ಅವರು ನಮಗಿಂತ ಮುಂದೆ. ಆದರೆ ಡೆಂಗಿ ಇದೆ, ಮಳೆ ಶುರುವಾದ ಮೇಲೆ ಜಾಸ್ತಿ. ಅದರ ಸೊಳ್ಳೆ ಹಗಲಲ್ಲಿ ಕಚ್ಚುತ್ತದೆ. ಹಾಗಾಗಿ ಸೊಳ್ಳೆ ಕ್ರೀಮು ಬೆಳಗ್ಗೆ ತಿಂಡಿ ಆದ ಕೂಡಲೇ ಹಚ್ಚಬೇಕು. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ. ಐಬುಪ್ರೊಫೆನ್, ಆಸ್ಪಿರಿನ್ ಜಾತಿಯ ಮಾತ್ರೆ ಸುಮ್ನೆ ನುಂಗಬೇಡಿ, ಡೆಂಗಿಯಲ್ಲಿ ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಅತ್ತೆ ಹೃದಯಕ್ಕೆಂದು ಆಸ್ಪಿರಿನ್ ದಿನಾ ತೆಗೆದುಕೊಳ್ಳುವವರಾದರೆ, ಜ್ವರ ಬಂದಾಗ ಏನು ಮಾಡಬೇಕು ಎಂದು ಹೊರಡುವ ಮೊದಲೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ.

ಪೆಟ್ರೋಲಿನ ಕಥೆ 2022ರದ್ದು. ಆ ವರ್ಷ ನಿಜವಾಗಿಯೂ ದಿನಗಟ್ಟಲೆ ಸಾಲು ನಿಂತಿದ್ದರು, ಆಮೇಲೆ ಕ್ಯುಆರ್ ಕೋಡ್ ಕೋಟಾ ಬಂತು. 2023ರಲ್ಲಿ ಆ ಕೋಟಾ ತೆಗೆದರು. ನೆಂಟರಿಗೆ ಅಷ್ಟು ದೂರದ ಸುದ್ದಿ ತಲುಪಿಲ್ಲ, ಪಾಪ.

ಊಟದ ವಿಷಯದಲ್ಲಿ ನೆಂಟರು ಅರ್ಧ ಸರಿ. ಊಟ ಸಿಗುತ್ತದೆ, ರುಚಿಯಾಗಿಯೂ ಇರುತ್ತದೆ. ಅನ್ನ, ತೆಂಗಿನಹಾಲಿನ ಬೇಳೆ, ಎಳೆ ಹಲಸಿನಕಾಯಿ ಪಲ್ಯ, ಬೀಟ್‌ರೂಟ್, ಸೊಪ್ಪು, ಹಪ್ಪಳ. ಮಂಗಳೂರು ಕಡೆಯ ಅಡುಗೆ ಉಂಡವರಿಗೆ ಹೊಸದೇನೂ ಅನಿಸುವುದಿಲ್ಲ. ತೊಂದರೆ ಬೇರೆ ಕಡೆ ಇದೆ. ಅವರು 'ಉಂಬಲಕಡ' ಎಂಬ ಒಣ ಮೀನಿನ ಪುಡಿಯನ್ನು ನಾವು ಇಂಗು ಹಾಕಿದಷ್ಟು ಸಲೀಸಾಗಿ ಹಾಕುತ್ತಾರೆ. ಕಾಯಿತುರಿಯ ಪೊಲ್ ಸಂಬೋಲದಲ್ಲಿ ಇರುತ್ತದೆ. ಬೇಳೆಯಲ್ಲೂ ಇರಬಹುದು, ಬೀನ್ಸ್ ಪಲ್ಯದಲ್ಲೂ. "ವೆಜಿಟೇರಿಯನ್ನಾ?" ಎಂದು ಕೇಳಿದರೆ "ಹೌದು" ಎನ್ನುತ್ತಾರೆ. ಅದು ಮೋಸವಲ್ಲ. ಅವರ ಲೆಕ್ಕದಲ್ಲಿ ಅದು ಮಸಾಲೆ, ಮೀನಲ್ಲ! ಆದ್ದರಿಂದ ಹೆಸರು ಹಿಡಿದೇ ಕೇಳಬೇಕು. ಸಿಂಹಳದಲ್ಲಿ 'ಎಪಾ' ಅಂದರೆ ಬೇಡ. 'ಉಂಬಲಕಡ ಎಪಾ, ಮಾಳು ಎಪಾ, ಮಸ್ ಎಪಾ.' ಒಣಮೀನು ಬೇಡ, ಮೀನು ಬೇಡ, ಮಾಂಸ ಬೇಡ. ಇಷ್ಟನ್ನು ಮಗನಿಗೆ ಬಾಯಿಪಾಠ ಮಾಡಿಸಿ. ಮಕ್ಕಳು ಹೇಳಿದರೆ ಅಡುಗೆಮನೆಯವರು ನಗುತ್ತಾ ಹೊಸದಾಗಿ ಮಾಡಿಕೊಡುತ್ತಾರೆ, ನಾನು ನೋಡಿದ್ದೇನೆ.

ಕ್ಯಾಂಡಿ, ನುವಾರ ಎಲಿಯದಲ್ಲಿ ತಮಿಳರ ಸಸ್ಯಾಹಾರಿ ಹೋಟೆಲುಗಳಿವೆ, ಇಡ್ಲಿ ದೋಸೆಗೆ ತೊಂದರೆ ಇಲ್ಲ. ಸಿಗಿರಿಯ ಕಡೆ ಕಡಿಮೆ. ಅಲ್ಲಿ ಇಂಡಿಯಾಪ್ಪ, ಅಂದರೆ ನಮ್ಮ ಶಾವಿಗೆ, ತೆಂಗಿನಹಾಲಿನ ಜೊತೆ ತಿನ್ನಬಹುದು. ದಾರಿಯ ಹಸಿವೆಗೆ ಏನು ಕಟ್ಟಿಕೊಳ್ಳಬೇಕು ಅಂತ ದಾವಣಗೆರೆಯವರಿಗೆ ನಾನು ಹೇಳಬೇಕಾ? ಮಂಡಕ್ಕಿ ಇದ್ದೇ ಇದೆ. ಎಮ್ಮೆ ಮೊಸರಿನ ಮೇಲೆ ಕಿತುಲ್ ಪಾಣಿ ಸುರಿದು ಕೊಡುತ್ತಾರೆ, ನಮ್ಮ ಮಲೆನಾಡಿನ ಬಗನಿ ಮರದ್ದೇ ಬೆಲ್ಲದ ಪಾಕ. ಬಿಡಬೇಡಿ. ಅತ್ತೆಗೆ ಮಾತ್ರ ಒಂದು ಚಮಚ.

ಇನ್ನು ನಿಜವಾದ ತೊಡಕು. ಇದನ್ನು ನಿಮ್ಮ ಏಜೆಂಟರು ಹೇಳಿಲ್ಲ, ನೆಂಟರಿಗೂ ಹೊಳೆದಿಲ್ಲ. ನೀವು ಆರಿಸಿದ ವಾರ.

ಶ್ರೀಲಂಕಾಕ್ಕೆ ಎರಡು ಮಳೆಗಾಲ. ನೈಋತ್ಯ ಮಳೆ ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ, ಪಶ್ಚಿಮ ಕರಾವಳಿ ಮತ್ತು ಬೆಟ್ಟದ ಪಶ್ಚಿಮದ ಇಳಿಜಾರಿಗೆ ಹೊಡೆಯುತ್ತದೆ. ಈಶಾನ್ಯ ಮಳೆ ವರ್ಷದ ಕೊನೆಗೆ ಉತ್ತರ, ಪೂರ್ವಕ್ಕೆ. ನಡುವೆ ಬೆಟ್ಟ ಗೋಡೆಯ ಹಾಗೆ ನಿಂತಿದೆ. ಒಂದು ಕಡೆ ಸುರಿಯುವಾಗ ಇನ್ನೊಂದು ಕಡೆ ಬಿಸಿಲು. ಆಗುಂಬೆಯಲ್ಲಿ ಸುರಿಯುವಾಗ ಚಿತ್ರದುರ್ಗದಲ್ಲಿ ಧೂಳು ಹಾರುವುದಿಲ್ಲವಾ, ಹಾಗೇ. ಕೇರಳಕ್ಕೆ ಜೂನ್ 1ರ ಸುಮಾರಿಗೆ ಬರುವ ಮಳೆ ಅವರಿಗೆ ಕೆಲವು ದಿನ ಮೊದಲೇ ಮುಟ್ಟುತ್ತದೆ. ಅದಕ್ಕೂ ಮುಂಚಿನ ಅಬ್ಬರವೂ ಕಡಿಮೆಯದ್ದಲ್ಲ. 2016ರ ಮೇ 17ರಂದು ಕೇಗಾಲೆ ಜಿಲ್ಲೆಯ ಅರನಾಯಕದಲ್ಲಿ ಗುಡ್ಡ ಕುಸಿದು ಮನೆಗಳೇ ಹೂತುಹೋದವು. 2017ರಲ್ಲಿ ಮೇ ಕೊನೆಯ ವಾರ ದೊಡ್ಡ ಪ್ರವಾಹ ಬಂತು. ನೀವು ಹೊರಟಿರುವುದು ಸರಿಯಾಗಿ ಆ ದಿನಗಳಲ್ಲಿ.

ಪ್ರತಿ ವರ್ಷ ಹಾಗಾಗುತ್ತದೆ ಅಂತಲ್ಲ. ಎಷ್ಟೋ ವರ್ಷ ಸಂಜೆ ಒಂದು ಮಳೆ ಬಿದ್ದು ನಿಲ್ಲುತ್ತದೆ. ಆದರೆ ನಿಮ್ಮ ಪ್ಲಾನಿನಲ್ಲಿ ಮಿರಿಸ್ಸದ ಮುಂದೆ "ತಿಮಿಂಗಿಲ ನೋಡುವ ದೋಣಿ" ಎಂದು ಬರೆದಿದ್ದಾರಾ, ನೋಡಿ. ಬರೆದಿದ್ದರೆ ಹುಷಾರು. ಅಲ್ಲಿ ತಿಮಿಂಗಿಲದ ಕಾಲ ಡಿಸೆಂಬರ್‌ನಿಂದ ಏಪ್ರಿಲ್. ಮೇ ಮಧ್ಯಕ್ಕೆ ಆ ಕಡಲು ಕೆರಳಿರುತ್ತದೆ. ಐದು ವರ್ಷದ ಮಗುವಿಗೆ ದೋಣಿಯಲ್ಲಿ ವಾಂತಿ ಆಗುವುದಷ್ಟೇ ಲಾಭ. ದಕ್ಷಿಣದ ಬೀಚುಗಳಲ್ಲೂ ಆಗ ಅಲೆ ಒಳಕ್ಕೆ ಎಳೆಯುತ್ತದೆ, ಕೆಂಪು ಬಾವುಟ ಹಾಕಿರುತ್ತಾರೆ. ಜನವರಿಯ ಪ್ಲಾನನ್ನೇ ಮೇ ತಿಂಗಳಿಗೂ ಕೊಟ್ಟಂತಿದೆ.

ಆದ್ದರಿಂದ ಮೊದಲ ಸಲಹೆ, ಸಾಧ್ಯವಾದರೆ ದಿನ ಹಿಂದಕ್ಕೆ ತನ್ನಿ. ಶಾಲೆಗೆ ರಜೆ ಏಪ್ರಿಲ್ ಮಧ್ಯದಿಂದಲೇ ಇರುತ್ತದೆ ಅಲ್ವಾ? ಏಪ್ರಿಲ್ 13, 14 ಅವರ ಹೊಸ ವರ್ಷ. ಆ ವಾರ ಅಂಗಡಿ ಮುಚ್ಚಿರುತ್ತವೆ, ಡ್ರೈವರುಗಳು ಊರಿಗೆ ಹೋಗಿರುತ್ತಾರೆ, ನುವಾರ ಎಲಿಯದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ, ರೂಮಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅದು ಮುಗಿಯಲಿ. ಏಪ್ರಿಲ್ 22ರಿಂದ ಮೇ ಮೊದಲ ವಾರದೊಳಗೆ ಹೋಗಿ ಬನ್ನಿ. ಆಗಲೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಇರುತ್ತದೆ, ನೋಡುವುದನ್ನೆಲ್ಲ ಎರಡು ಗಂಟೆಯೊಳಗೆ ಮುಗಿಸಿದರೆ ಆಯಿತು.

ಮೇ ಹುಣ್ಣಿಮೆ, ಅಂದರೆ ನಮ್ಮ ಬುದ್ಧ ಪೂರ್ಣಿಮೆ, ಅವರಿಗೆ ವೆಸಾಕ್. ಮನೆಮನೆಗೂ ಕಾಗದದ ಗೂಡುದೀಪ, ದಾರಿಯಲ್ಲಿ ಹೋಗುವವರಿಗೆಲ್ಲ ಪುಕ್ಕಟೆ ಊಟ, ಪಾನಕ. ಮಕ್ಕಳಿಗೆ ಹಬ್ಬವೋ ಹಬ್ಬ. ಆದರೆ ರಸ್ತೆಯಲ್ಲಿ ವ್ಯಾನ್ ಅಲುಗಾಡುವುದಿಲ್ಲ. ಆ ದಿನ ನಿಮ್ಮ ಪ್ರವಾಸದೊಳಗೆ ಬಿದ್ದರೆ ಊರು ಬದಲಾಯಿಸುವ ದಿನ ಆಗದಂತೆ ನೋಡಿಕೊಳ್ಳಿ.

ಈಗ ಯಾವ ಊರು ಇಟ್ಟುಕೊಳ್ಳುವುದು, ಯಾವುದು ಬಿಡುವುದು? ನಿಮ್ಮ ಮುಂದೆ ಮೂರು ದಾರಿ ಇವೆ.

ಒಂದು, ಸಮುದ್ರದ ದಾರಿ. ಮೇ ತಿಂಗಳಲ್ಲೇ ಹೋಗಬೇಕು, ಮಗನಿಗೆ ಕಡಲು ಬೇಕೇ ಬೇಕು ಅನ್ನುವುದಾದರೆ ದಕ್ಷಿಣ ಬಿಟ್ಟು ಪೂರ್ವಕ್ಕೆ ತಿರುಗಿ. ತ್ರಿಕೋಣಮಲೆ ಪಕ್ಕದ ನಿಲಾವೆಲಿ ಬೀಚು ಆಗ ಕೆರೆಯ ಹಾಗಿರುತ್ತದೆ. ಬಂಡೆಯ ತುದಿಯ ಕೋಣೇಶ್ವರ ದೇವಸ್ಥಾನ ಅತ್ತೆಗೆ ಹಿಡಿಸುತ್ತದೆ. ಸಿಗಿರಿಯ ಹತ್ತಿರ ಹಬರಣದಲ್ಲಿ ಮೂರು ರಾತ್ರಿ, ನಿಲಾವೆಲಿಯಲ್ಲಿ ಎರಡು, ಕ್ಯಾಂಡಿಯಲ್ಲಿ ಎರಡು, ಕೊನೆಗೆ ವಿಮಾನ ನಿಲ್ದಾಣದ ಪಕ್ಕ ನೆಗೊಂಬೊದಲ್ಲಿ ಒಂದು. ಇದರ ಕಷ್ಟ ಎಂದರೆ ನಿಲಾವೆಲಿಯಿಂದ ಕ್ಯಾಂಡಿಗೆ ಐದು ಗಂಟೆಯ ದಾರಿ, ಬಿಸಿಲೂ ಜೋರು. ಹಬರಣದಿಂದ ತ್ರಿಕೋಣಮಲೆ ರಸ್ತೆಗೆ ಕತ್ತಲಾದ ಮೇಲೆ ಆನೆ ಬರುತ್ತವೆ, ಹಗಲಲ್ಲೇ ದಾಟಬೇಕು. ಮತ್ತೆ, ಇದರಲ್ಲಿ ಅಶೋಕವನ ಇಲ್ಲ.

ಎರಡು, ಬೆಟ್ಟದ ದಾರಿ. ಹಬರಣ ಮೂರು, ಕ್ಯಾಂಡಿ ಎರಡು, ನುವಾರ ಎಲಿಯ ಎರಡು, ನೆಗೊಂಬೊ ಒಂದು. ಏಪ್ರಿಲ್ ಕೊನೆಗೆ ಇದು ಚೆಂದ. ಮೇ ಮೂರನೇ ವಾರಕ್ಕಾದರೆ ಗುಡ್ಡ ಕುಸಿಯುವ ಭಯ ತಲೆಯಲ್ಲಿ ಇಟ್ಟುಕೊಂಡೇ ಹೋಗಬೇಕು. ಅಲ್ಲಿನ ಕಟ್ಟಡ ಸಂಶೋಧನಾ ಸಂಸ್ಥೆ ಜಿಲ್ಲೆವಾರು ಭೂಕುಸಿತದ ಎಚ್ಚರಿಕೆ ಕೊಡುತ್ತದೆ, ಡ್ರೈವರಿಗೆ ಹೇಳಿದರೆ ಪ್ರತಿ ಸಂಜೆ ನೋಡಿ ಹೇಳುತ್ತಾರೆ. ಕೆಂಪು ಎಚ್ಚರಿಕೆ ಇದ್ದರೆ ಕ್ಯಾಂಡಿಯಲ್ಲೇ ಉಳಿಯಿರಿ, ಹೋಟೆಲ್ ದುಡ್ಡು ಹೋದರೆ ಹೋಗಲಿ.

ಮೂರು, ಏಜೆಂಟರ ಪ್ಲಾನನ್ನೇ ಸ್ವಲ್ಪ ಕತ್ತರಿಸುವುದು. ಯಾಲ ತೆಗೆದು, ಮಿರಿಸ್ಸ ಬದಲು ಗಾಲೆಯಲ್ಲಿ ಎರಡು ರಾತ್ರಿ. ಡಚ್ಚರ ಕೋಟೆಯೊಳಗೆ ಮಳೆಯಲ್ಲೂ ಕೊಡೆ ಹಿಡಿದು ತಿರುಗಬಹುದು, ಎಕ್ಸ್‌ಪ್ರೆಸ್‌ವೇ ಇರುವುದರಿಂದ ಕೊಲಂಬೊ ಎರಡು ಗಂಟೆಯೊಳಗೆ. ಆದರೂ ಏಳು ಹೋಟೆಲ್ ಆಗುತ್ತದೆ. ನನಗೆ ಇದು ಇಷ್ಟವಿಲ್ಲ.

ನನ್ನನ್ನು ಕೇಳಿದರೆ ಎರಡನೆಯದು, ಅದೂ ಏಪ್ರಿಲ್ ಕೊನೆಗೆ. ಕಾರಣ ಸರಳ. ನಿಮ್ಮ ಮನೆಯಲ್ಲಿ ಮಗ ಮೂರು ಕೇಳಿದ್ದಾನೆ, ಯಜಮಾನ್ರು ಎಲ್ಲ ಕೇಳಿದ್ದಾರೆ. ಅತ್ತೆ ಕೇಳಿದ್ದು ಒಂದು. ಕಡಲು ಬೇಕಾದರೆ ಮುಂದಿನ ರಜೆಗೆ ಗೋಕರ್ಣಕ್ಕೋ ಮಲ್ಪೆಗೋ ಹೋಗಬಹುದು, ಬೆಳಗ್ಗೆ ಹೊರಟರೆ ಮಧ್ಯಾಹ್ನ ಮರಳಲ್ಲಿ ಇರುತ್ತೀರಿ. ಅತ್ತೆ ಕೇಳಿದ ಜಾಗಕ್ಕೆ ಬೇರೆ ದಾರಿ ಇಲ್ಲ. ಅಂದಹಾಗೆ, 'ಎಲ್ಲ' ಎನ್ನುವ ಊರನ್ನೂ ನಾನು ಬಿಟ್ಟಿದ್ದೇನೆ. ಎಲ್ಲ ನೋಡಬೇಕು ಅನ್ನುವ ಯಜಮಾನ್ರಿಗೆ ಇದನ್ನು ನೀವೇ ಮೆಲ್ಲಗೆ ಹೇಳಿ.

ಅಶೋಕವನದ ಬಗ್ಗೆ ಒಂದು ಮಾತು. ನುವಾರ ಎಲಿಯದಿಂದ ಐದು ಕಿಲೋಮೀಟರ್ ಆಚೆ ಸೀತಾ ಎಲಿಯ ಎಂಬಲ್ಲಿ ಸೀತಮ್ಮನ ದೇವಸ್ಥಾನ ಇದೆ. ಪಕ್ಕದಲ್ಲಿ ತೊರೆ, ಬಂಡೆಯ ಮೇಲೆ ಹನುಮನ ಹೆಜ್ಜೆ ಎಂದು ತೋರಿಸುವ ಗುಳಿಗಳು, ಹಿಂದೆ ದಟ್ಟ ಕಾಡು. ಪ್ಯಾಕೇಜುಗಳಲ್ಲಿ 'ರಾಮಾಯಣ ಯಾತ್ರೆ' ಎಂದು ಹತ್ತಾರು ಜಾಗ ಸೇರಿಸಿ ಮಾರುತ್ತಾರೆ. ಅವುಗಳಲ್ಲಿ ಯಾವುದು ಹಳೆಯ ನಂಬಿಕೆ, ಯಾವುದು ಪ್ರವಾಸಿಗರಿಗಾಗಿ ಹುಟ್ಟಿದ್ದು ಎಂದು ಬೇರ್ಪಡಿಸಲು ಹೋಗಬೇಡಿ. ಹತ್ತೂ ನೋಡುವ ಅಗತ್ಯವೂ ಇಲ್ಲ. ಇದೊಂದು ಸಾಕು. ದೇವಸ್ಥಾನ ಮುಖ್ಯರಸ್ತೆಯ ಪಕ್ಕದಲ್ಲೇ ಇದೆ, ಮಂಡಿಗೆ ಜಾಸ್ತಿ ಕೆಲಸವಿಲ್ಲ. ಬೆಳಗ್ಗೆ ಎಂಟಕ್ಕೆ ಹೋಗಿ. ಬಸ್ಸುಗಳು ಬರುವ ಮುಂಚೆ ಅಲ್ಲಿ ನೀರಿನ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಅತ್ತೆಯನ್ನು ಒಂದು ಗಂಟೆ ಅಲ್ಲಿ ಸುಮ್ಮನೆ ಕೂರಲು ಬಿಡಿ. ನುವಾರ ಎಲಿಯ 1,868 ಮೀಟರ್ ಎತ್ತರದಲ್ಲಿದೆ, ಎಲ್ಲರಿಗೂ ಸ್ವೆಟರ್ ಬೇಕು. ಥಂಡಿಗೆ ಮಂಡಿ ಹಿಡಿದುಕೊಳ್ಳುತ್ತದೆ, ಅತ್ತೆಗೆ ಉಣ್ಣೆಯ ಕಾಲುಚೀಲ ಇರಲಿ.

ಮಗನ ರೈಲನ್ನೂ ಇಲ್ಲೇ ಹೊಂದಿಸಬಹುದು. ಎಲ್ಲರೂ ಫೋಟೊ ಹಾಕುವ ಕ್ಯಾಂಡಿ–ಎಲ್ಲ ಪ್ರಯಾಣ ಆರೇಳು ಗಂಟೆಯದು. ನಿಮ್ಮ ಮಗಳಿಗೆ ಎರಡನೇ ಗಂಟೆಗೇ ಸಾಕಾಗುತ್ತದೆ. ಪ್ಲಾಟ್‌ಫಾರಂ ತಗ್ಗು, ಬೋಗಿಯ ಮೆಟ್ಟಿಲು ಕಡಿದು. ಅದರ ಬದಲು ನುವಾರ ಎಲಿಯದ ಸ್ಟೇಷನ್ ಆದ 'ನಾನುಓಯ'ದಿಂದ ಪಟ್ಟಿಪೊಲದವರೆಗೆ ಹೋದರೆ ಸಾಕು, ಸುಮಾರು ಒಂದು ಗಂಟೆ. ಪಟ್ಟಿಪೊಲ ಆ ದೇಶದ ಅತಿ ಎತ್ತರದ ಸ್ಟೇಷನ್. ಯಜಮಾನ್ರು, ಮಗ ರೈಲಲ್ಲಿ ಹೋಗಲಿ, ಡ್ರೈವರ್ ಆ ಕಡೆ ವ್ಯಾನ್ ತಂದು ನಿಲ್ಲಿಸಲಿ. ಆದರೆ ಒಂದು ಎಚ್ಚರ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತ ಬೆಟ್ಟದ ರೈಲು ಹಳಿಗಳಿಗೆ ದೊಡ್ಡ ಪೆಟ್ಟು ಕೊಟ್ಟಿತು. ರೈಲು ಎಲ್ಲಿಂದ ಎಲ್ಲಿಗೆ ಓಡುತ್ತಿದೆ ಎಂದು ಟಿಕೆಟ್ ಮಾಡಿಸುವ ವಾರವೇ ವಿಚಾರಿಸಿ. ಅಲ್ಲಿಯವರೆಗೆ ಮಗನಿಗೆ ಮಾತು ಕೊಡಬೇಡಿ.

ಆನೆಗೆ ಯಾಲ ಬೇಡ. ಅದು ಚಿರತೆಯ ಕಾಡು, ಮೂರು ನಾಲ್ಕು ಗಂಟೆ ಜೀಪಲ್ಲಿ ಕುಲುಕಾಡಿ ಚಿರತೆ ಕಾಣದೆ ಬರುವವರೇ ಜಾಸ್ತಿ. ಹಬರಣದ ಸುತ್ತ ಮಿನ್ನೇರಿಯ, ಕೌಡುಲ್ಲ, ಹುರುಳು ಎಂದು ಮೂರು ಕಾಡುಗಳಿವೆ. (ಹುರುಳಿಕಾಳಿಗೂ ಇದಕ್ಕೂ ಸಂಬಂಧವಿಲ್ಲ.) ಆ ವಾರ ಆನೆ ಎಲ್ಲಿದೆಯೋ ಅಲ್ಲಿಗೆ ಜೀಪಿನವರು ಕರೆದೊಯ್ಯುತ್ತಾರೆ. ಹಾಗಾಗಿ ಕಾಡಿನ ಹೆಸರು ಹಾಕಿ ಮೊದಲೇ ಬುಕ್ ಮಾಡಬೇಡಿ, ಹಿಂದಿನ ದಿನ ಹೋಟೆಲಿನಲ್ಲಿ ಕೇಳಿ. ಮಧ್ಯಾಹ್ನ ಮೂರಕ್ಕೆ ಹೊರಟರೆ ಸಂಜೆ ಆರಕ್ಕೆ ವಾಪಸ್. ಅತ್ತೆ ಜೀಪು ಹತ್ತುವುದು ಬೇಡ, ಆ ಕುಲುಕಾಟ ಬೆನ್ನಿಗೂ ಮಂಡಿಗೂ ಆಗುವುದಿಲ್ಲ.

ಸಿಗಿರಿಯದ ಬಂಡೆಗೆ ಸುಮಾರು 1,200 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಅಂದಾಜು ಸಿಗುತ್ತದೆ. ಆದರೆ ಇಲ್ಲಿ ಮೇಲಿನ ಭಾಗ ಬಂಡೆಗೆ ಅಂಟಿಸಿದ ಕಬ್ಬಿಣದ ಮೆಟ್ಟಿಲು, ನೆರಳಿಲ್ಲ. ಮೂರು ರಾತ್ರಿ ಇಡಲು ಹೇಳಿದ್ದು ಇದಕ್ಕೇ. ಒಂದು ಬೆಳಗ್ಗೆ ಗೇಟು ತೆರೆಯುತ್ತಲೇ ಯಜಮಾನ್ರು, ಮಗ ಹತ್ತಿ ಬರಲಿ. ಇನ್ನೊಂದು ಬೆಳಗ್ಗೆ ಬೇಕಿದ್ದರೆ ನೀವು ಹೋಗಿ. ಅತ್ತೆ, ಮಗಳು ಕೆಳಗಿನ ನೀರಿನ ತೋಟದಲ್ಲಿ ಸಮತಟ್ಟಿನ ಮೇಲೆ ನಡೆದಾಡಲಿ, ಬಂಡೆ ಚೆನ್ನಾಗಿ ಕಾಣುವುದೇ ಅಲ್ಲಿಂದ. ಹತ್ತುವವರು ಗಲಾಟೆ ಮಾಡಬಾರದು, ಬಂಡೆಯಲ್ಲಿ ಕಣಜದ ಗೂಡುಗಳಿವೆ, ಬೋರ್ಡು ಹಾಕಿದ್ದಾರೆ. ಪಾಸ್‌ಪೋರ್ಟ್ ಜೊತೆಗಿರಲಿ, ಸಾರ್ಕ್ ದೇಶದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಕೊಡುತ್ತಾರೆ, ಕೇಳದಿದ್ದರೆ ಪೂರ್ತಿ ದುಡ್ಡು. ದಂಬುಲ್ಲದ ಗುಹೆಗಳಿಗೂ ಮೆಟ್ಟಿಲಿದೆ. ಅಲ್ಲಿ ಅತ್ತೆಯ ಬ್ಯಾಗಿನ ಮೇಲೆ ಕೋತಿಗಳ ಕಣ್ಣು ಇರುತ್ತದೆ.

ಇನ್ಸುಲಿನ್ ವಿಷಯ ಗಮನವಿಟ್ಟು ಓದಿ. ಲಗೇಜಿಗೆ ಹಾಕಬೇಡಿ, ಕೈಚೀಲದಲ್ಲೇ ಇರಲಿ. ಜೊತೆಗೆ ಡಾಕ್ಟರ ಚೀಟಿ, ಇಂಗ್ಲಿಷಿನಲ್ಲಿ. ನಿಲ್ಲಿಸಿದ ವ್ಯಾನಿನಲ್ಲಿ ಅರ್ಧ ಗಂಟೆ ಕೂಡ ಬಿಡಬೇಡಿ, ಒಳಗೆ ಒಲೆಯಂತಾಗುತ್ತದೆ. ಹೋಟೆಲಿನವರ ಕೈಗೆ ಕೊಟ್ಟು "ಫ್ರಿಜ್ಜಿನಲ್ಲಿಡಿ" ಅನ್ನುವುದೂ ಬೇಡ. ನಾನು ಕಳಿಸಿದ ಒಂದು ಕುಟುಂಬಕ್ಕೆ ಹಾಗೇ ಆಯಿತು. ಹೋಟೆಲಿನ ಹುಡುಗ ಒಳ್ಳೆಯ ಮನಸ್ಸಿನಿಂದ ಐಸ್ ಕಟ್ಟುವ ಖಾನೆಗೇ ಹಾಕಿದ್ದ. ಹೆಪ್ಪುಗಟ್ಟಿದ ಇನ್ಸುಲಿನ್ ಆಮೇಲೆ ಕರಗಿದರೂ ಕೆಲಸಕ್ಕೆ ಬಾರದು, ಎಸೆಯಲೇಬೇಕು. ಭಾನುವಾರ ರಾತ್ರಿ ಔಷಧಿ ಅಂಗಡಿ ಹುಡುಕಿಕೊಂಡು 30 ಕಿಲೋಮೀಟರ್ ಹೋದರು. ಆದ್ದರಿಂದ ರೂಮಿನಲ್ಲೇ ಸಣ್ಣ ಫ್ರಿಜ್ ಇರುವ ಹೋಟೆಲ್ ಕೇಳಿ, ಬೇಕಾದದ್ದಕ್ಕಿಂತ ಒಂದು ಪೆನ್ ಜಾಸ್ತಿ ಒಯ್ಯಿರಿ. ವ್ಯಾನಿನಲ್ಲಿ ಊಟ ತಡವಾಗಿ ಸಕ್ಕರೆ ಇಳಿಯುವುದುಂಟು. ಅತ್ತೆಯ ಸೊಂಟದ ಚೀಲದಲ್ಲಿ ಗ್ಲೂಕೋಸ್ ಇರಲಿ, ನಿಮ್ಮ ಬ್ಯಾಗಿನಲ್ಲಲ್ಲ. ಪ್ರವಾಸ ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆ ಇದೆ ಎಂದು ಬರೆಯಲೇಬೇಕು. ಪ್ರೀಮಿಯಂ ಏರುತ್ತದೆ ಎಂದು ಮುಚ್ಚಿಟ್ಟರೆ ಆಸ್ಪತ್ರೆ ಬಿಲ್ ಬಂದಾಗ ಅದನ್ನೇ ನೆಪ ಮಾಡುತ್ತಾರೆ. ಇಷ್ಟಾದರೆ, ಮತ್ತು ಅವರ ಡಾಕ್ಟರು ಸರಿ ಅಂದರೆ, ಅತ್ತೆಯನ್ನು ಬಿಟ್ಟು ಹೋಗಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ನಮ್ಮ ಯುಪಿಐ 2024ರಿಂದ ಅಲ್ಲಿ ಲಂಕಾ ಕ್ಯುಆರ್ ಇರುವ ಅಂಗಡಿಗಳಲ್ಲಿ ನಡೆಯುತ್ತದೆ. ಆದರೂ ಎಳನೀರಿಗೆ, ದೇವಸ್ಥಾನಕ್ಕೆ ಚಿಲ್ಲರೆ ಬೇಕು. ಇಟಿಎ ಎಂಬ ಪ್ರವೇಶ ಅನುಮತಿಯ ಶುಲ್ಕ, ನಿಯಮ ಆಗಾಗ ಬದಲಾಗುತ್ತವೆ, ಶ್ರೀಲಂಕಾ ಸರಕಾರದ ಜಾಲತಾಣದಲ್ಲೇ ನೋಡಿ. ಹಾಗೇ ಕಾಣುವ ಖಾಸಗಿ ತಾಣಗಳು ಜಾಸ್ತಿ ದುಡ್ಡು ಕೀಳುತ್ತವೆ. ದಾರಿಯಲ್ಲಿ ಡ್ರೈವರ್ 'ಮಸಾಲೆ ತೋಟ', 'ರತ್ನದ ಅಂಗಡಿ' ಎಂದು ನಿಲ್ಲಿಸುತ್ತಾರೆ. ಅವರಿಗೆ ಅಲ್ಲಿ ಕಮಿಷನ್. ಬಯ್ಯಬೇಡಿ, ಸಂಬಳ ಕಡಿಮೆ ಇರುವವರ ಹೊಟ್ಟೆಪಾಡು ಅದು. "ಒಂದು ಮಸಾಲೆ ತೋಟ ನೋಡುತ್ತೇವೆ, ಉಳಿದದ್ದು ಬೇಡ" ಎಂದು ಮೊದಲ ದಿನವೇ ನಗುತ್ತಾ ಹೇಳಿಬಿಡಿ. ಅಲ್ಲಿ ಮಂಡಿನೋವಿನ ಎಣ್ಣೆ ಹಚ್ಚಿ ಉಜ್ಜಿ ತೋರಿಸುತ್ತಾರೆ, ಅತ್ತೆಗೆ ಹಾಯೆನಿಸುತ್ತದೆ. ಬಾಟಲಿಯ ಬೆಲೆ ಕೇಳಿದಾಗ ಆ ಹಾಯಿ ಹೋಗುತ್ತದೆ.

ಏಜೆಂಟರನ್ನು ಬದಲಾಯಿಸುವ ಅಗತ್ಯವಿಲ್ಲ. ಈ ಹೊಸ ಪ್ಲಾನ್ ಕೊಟ್ಟು, ಬರಹದಲ್ಲಿ ಉತ್ತರ ಕೇಳಿ. ಹೋಟೆಲುಗಳ ಹೆಸರೇನು? "ಅಥವಾ ಅದೇ ದರ್ಜೆಯ" ಎಂಬ ಪದ ಇದ್ದರೆ ತೆಗೆಸಿ. ಲಿಫ್ಟ್ ಇದೆಯಾ, ಇಲ್ಲದಿದ್ದರೆ ನೆಲಮಾಳಿಗೆಯಲ್ಲ, ನೆಲಮಟ್ಟದ ರೂಮು ಸಿಗುತ್ತದಾ? ಬೆಟ್ಟದ ಹೋಟೆಲುಗಳಲ್ಲಿ ರಿಸೆಪ್ಷನ್ ಮೇಲೆ, ರೂಮು 40 ಮೆಟ್ಟಿಲು ಕೆಳಗೆ ಇರುವುದುಂಟು. ಮಳೆಗೆ ರಸ್ತೆ ಬಂದ್ ಆದರೆ ಎಷ್ಟು ದುಡ್ಡು ವಾಪಸ್? ವಾಹನ ಯಾವುದು? ಐದು ಜನಕ್ಕೆ, ಲಗೇಜಿಗೆ ಕಾರು ಸಾಲದು, ಅಲ್ಲಿ ಎಲ್ಲರೂ ಕೆಡಿಎಚ್ ಎನ್ನುವ ಟೊಯೊಟಾ ವ್ಯಾನ್ ಕೇಳಿ. ಅದರ ಮೆಟ್ಟಿಲು ಎತ್ತರ, ದಿನಕ್ಕೆ ಹತ್ತು ಸಲ ಹತ್ತಿಳಿಯುವಾಗ ಮಂಡಿ ಹೋಗುವುದು ಅಲ್ಲೇ. ವಿಮಾನ ಇಳಿದ ದಿನವೇ ನೆಗೊಂಬೊದ ಯಾವುದಾದರೂ ಪಾತ್ರೆ ಅಂಗಡಿಯ ಮುಂದೆ ವ್ಯಾನ್ ನಿಲ್ಲಿಸಿ, ಒಂದು ಗಿಡ್ಡ ಪ್ಲಾಸ್ಟಿಕ್ ಸ್ಟೂಲ್ ಕೊಂಡು ಡ್ರೈವರ್ ಸೀಟಿನ ಹಿಂದೆ ಇಡಿ. ಅದನ್ನು ಹಾಕುವ, ತೆಗೆಯುವ ಕೆಲಸ ಮಗಳದ್ದು.